ಆರಿದ ದೀಪದ ಅರ್ಥ

1979ರ ಮಾರ್ಚ್ 28, ಬೆಳಗಿನ ಜಾವ ನಾಲ್ಕು ಗಂಟೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ಥ್ರೀ ಮೈಲ್ ಐಲ್ಯಾಂಡ್ ಅಣುವಿದ್ಯುತ್ ಸ್ಥಾವರದಲ್ಲಿ ನೀರೂಡಿಸುವ ಪಂಪುಗಳು ನಿಂತವು. ರಿಯಾಕ್ಟರಿನಲ್ಲಿ ಒತ್ತಡ ಏರಿತು. ಕುಕ್ಕರಿನ ಸೀಟಿಯಂತೆ ಅದನ್ನು ಹೊರಬಿಡುವ ವಾಲ್ವ್ ತಾನಾಗಿ ತೆರೆದುಕೊಂಡಿತು. ಒತ್ತಡ ಇಳಿದ ಮೇಲೆ ಅದು ಮುಚ್ಚಿಕೊಳ್ಳಬೇಕಿತ್ತು, ಮುಚ್ಚಲಿಲ್ಲ. ಆದರೆ ಕಂಟ್ರೋಲ್ ರೂಮಿನ ಫಲಕದಲ್ಲಿ ಅದರ ದೀಪ ಆರಿತು.

ಎಡವಟ್ಟೆಲ್ಲ ಆ ದೀಪದಲ್ಲಿತ್ತು. ವಾಲ್ವ್ ನಿಜಕ್ಕೂ ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಅದು ತೋರಿಸುತ್ತಿರಲಿಲ್ಲ. ವಾಲ್ವನ್ನು ತೆರೆಯುವ ಸುರುಳಿಗೆ ಕರೆಂಟ್ ಹೋಗುತ್ತಿದೆಯೋ ಇಲ್ಲವೋ ಎಂಬುದನ್ನಷ್ಟೇ ತೋರಿಸುತ್ತಿತ್ತು. 'ಮುಚ್ಚಲು ಅಪ್ಪಣೆಯಾಗಿದೆ' ಎಂಬ ಸುದ್ದಿಯನ್ನು ಆಪರೇಟರುಗಳು 'ಮುಚ್ಚಿದೆ' ಎಂದು ಓದಿಕೊಂಡರು. ಆ ಜಾಗದಲ್ಲಿ ನಾವಿದ್ದರೂ ಹಾಗೇ ಓದುತ್ತಿದ್ದೆವು. ಜೊತೆಗೆ ಮೊದಲ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಅಲಾರಂಗಳು ಹೊಡೆದುಕೊಂಡವು. ಒಂದು ಮಾಪಕ ನೀರಿನ ಮಟ್ಟ ಏರುತ್ತಿದೆ ಎಂದು ತೋರಿಸಿದ್ದರಿಂದ, ನೀರು ಅತಿಯಾಯಿತೆಂದು ಭಾವಿಸಿ ತುರ್ತು ನೀರಿನ ಹರಿವನ್ನೇ ಅವರು ತಗ್ಗಿಸಿದರು. ಇತ್ತ ತೆರೆದ ವಾಲ್ವಿನಿಂದ ನೀರು ಸೋರುತ್ತಲೇ ಇತ್ತು. ಇಂಧನದ ಗರ್ಭ ಸುಮಾರು ಅರ್ಧದಷ್ಟು ಕರಗಿಹೋಯಿತು.

ಸೋರಿಕೆ ನಿಂತದ್ದು ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷಗಳ ನಂತರ. ಮುಂದಿನ ಶಿಫ್ಟಿಗೆಂದು ಆಗಷ್ಟೇ ಬಂದವರೊಬ್ಬರು ಆ ವಾಲ್ವಿನ ಮೇಲೆ ಅನುಮಾನಪಟ್ಟು, ಅದರ ಹಿಂದಿನ ಇನ್ನೊಂದು ವಾಲ್ವನ್ನು ಮುಚ್ಚಿಸಿದರು. ಅವರು ಉಳಿದವರಿಗಿಂತ ಜಾಣರೆಂದಲ್ಲ. ಒತ್ತಡದಲ್ಲಿರುವ ಮನಸ್ಸು ಒಮ್ಮೆ ಒಂದು ಕಥೆ ಕಟ್ಟಿಕೊಂಡರೆ ಆಮೇಲೆ ಸಿಕ್ಕ ಸುಳಿವುಗಳನ್ನೆಲ್ಲ ಅದಕ್ಕೇ ಹೊಂದಿಸುತ್ತ ಹೋಗುತ್ತದೆ. ಹೊಸದಾಗಿ ಬಂದವರ ತಲೆಯಲ್ಲಿ ಆ ಕಥೆ ಇನ್ನೂ ಬೇರೂರಿರಲಿಲ್ಲ.

ಕಂಟ್ರೋಲ್ ರೂಮಿನವರ ಸಮ್ಮೇಳನಗಳಲ್ಲಿ ಅಣುಸ್ಥಾವರದವರು, ತೈಲ ಸಂಸ್ಕರಣಾಗಾರದವರು, ರೈಲಿನವರು, ಗ್ರಿಡ್ಡಿನವರು ಒಂದೇ ಸಭಾಂಗಣದಲ್ಲಿ ಕೂರುವುದರಲ್ಲಿ ಅರ್ಥವಿರುವುದು ಇದಕ್ಕೇ. ಯಂತ್ರಗಳು ಬೇರೆಬೇರೆ, ಅವುಗಳ ಮುಂದೆ ಕೂತ ಮನಸ್ಸು ಒಂದೇ ಬಗೆಯದು. ಒಬ್ಬರಿಗೆ ಬಂದ ಆಪತ್ತನ್ನು ಇನ್ನೊಬ್ಬರು ಕೇಳಿಸಿಕೊಂಡರೆ ಅದೇ ಆಪತ್ತು ಎರಡನೇ ಸಲ ಬಾರದಂತೆ ತಡೆಯಬಹುದು.

ಕೇಳಿಸಿಕೊಳ್ಳದೇ ಹೋದರೆ? ಹದಿನೈದು ವರ್ಷಗಳ ನಂತರ, 1994ರ ಜುಲೈ 24ರಂದು, ವೇಲ್ಸಿನ ಮಿಲ್ಫರ್ಡ್ ಹೇವನ್ ತೈಲ ಸಂಸ್ಕರಣಾಗಾರ ಸ್ಫೋಟಿಸಿತು. ಬೆಳಿಗ್ಗೆ ಬಡಿದ ಸಿಡಿಲಿನಿಂದ ಘಟಕ ಅಸ್ತವ್ಯಸ್ತಗೊಂಡಿತ್ತು. ನಿಜಕ್ಕೂ ಮುಚ್ಚಿದ್ದ ಒಂದು ವಾಲ್ವ್ ಪರದೆಯ ಮೇಲೆ ತೆರೆದಂತೆ ಕಾಣುತ್ತಿತ್ತು. ಅದೇ ದೀಪದ ಕಥೆ, ತಿರುವುಮುರುವಾಗಿ! ಸ್ಫೋಟಕ್ಕೆ ಮುಂಚಿನ ಕೊನೆಯ ಹನ್ನೊಂದು ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂಗಳು ಬಂದವು. ಎರಡೂವರೆ ಸೆಕೆಂಡಿಗೊಂದು. ಓದಲೂ ಪುರುಸೊತ್ತಿಲ್ಲದ ಎಚ್ಚರಿಕೆ ಬರೀ ಗದ್ದಲ.

ಬ್ರಿಟನ್ನಿನಲ್ಲಿ 1999ರಲ್ಲಿ ಹೊರಬಂದ ಇಇಎಂಯುಎ 191 ಎಂಬ ಮಾರ್ಗದರ್ಶಿ ಇದಕ್ಕೊಂದು ಲೆಕ್ಕ ಕೊಟ್ಟಿತು. ಎಲ್ಲ ಸರಿಯಿರುವ ಹೊತ್ತಿನಲ್ಲಿ ಒಬ್ಬ ಆಪರೇಟರಿಗೆ ಸರಾಸರಿ ಹತ್ತು ನಿಮಿಷಕ್ಕೊಂದು ಅಲಾರಂ ಬಂದರೆ ಸಾಕು. ಸಂಖ್ಯೆಗಿಂತ ನನಗೆ ಹೆಚ್ಚು ಹಿಡಿಸುವುದು ಅದರ ಹಿಂದಿನ ತತ್ವ: ಅಲಾರಂ ಎಂದರೆ ಆಪರೇಟರ್ ಏನನ್ನಾದರೂ ಮಾಡಲೇಬೇಕು ಎಂಬ ಸೂಚನೆ. ಮಾಡುವುದೇನೂ ಇಲ್ಲವೆಂದಾದರೆ ಅದು ಅಲಾರಂ ಆಗಬಾರದು.

ನಮ್ಮ ಬೆಂಗಳೂರಿನಲ್ಲಿ ದಕ್ಷಿಣ ರಾಜ್ಯಗಳ ಗ್ರಿಡ್ಡನ್ನು ಹಗಲಿರುಳೂ ಕಾಯುವ ಪ್ರಾದೇಶಿಕ ಲೋಡ್ ಡಿಸ್ಪ್ಯಾಚ್ ಕೇಂದ್ರವಿದೆ. ನಾವು ಸ್ವಿಚ್ ಒತ್ತಿ ಫ್ಯಾನಿನ ಕೆಳಗೆ ಮಲಗಿದ ಮೇಲೂ ಅಲ್ಲಿ ಯಾರೋ 50 ಹರ್ಟ್ಸ್ ಆಚೀಚೆ ತೊನೆಯುವ ಅಂಕಿಯ ಮೇಲೆ ಕಣ್ಣಿಟ್ಟು ಕೂತಿರುತ್ತಾರೆ. ಅವರ ಪರದೆಯ ಮೇಲೆ ಏನು ಮಿನುಗಬೇಕು, ಏನು ಸುಮ್ಮನಿರಬೇಕು ಎಂದು ತೀರ್ಮಾನಿಸುವ ಸಭೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವರಿಗೂ ಒಂದು ಕುರ್ಚಿ ಇರಬೇಕು.