ಸಂದೇಶ ವಿನಿಮಯ ತಂತ್ರಾಂಶದಲ್ಲಿ ‘ಲುಕಪ್’: ಸಂಕೇತ ಸಿಗದಿದ್ದಾಗ ಏನಾಗಬೇಕು?

ಖರೀದಿ ಆದೇಶ, ರವಾನೆ ಸೂಚನೆ, ಬೆಲೆಪಟ್ಟಿಗಳನ್ನು ಕಾಗದದ ಮೂಲಕವಲ್ಲದೆ ಗಣಕಯಂತ್ರದಿಂದ ಗಣಕಯಂತ್ರಕ್ಕೆ ನೇರವಾಗಿ ಕಳುಹಿಸುವ ಪದ್ಧತಿ ಹೊಸದೇನಲ್ಲ. ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ಎಡಿಫ್ಯಾಕ್ಟ್ ನಿಯಮಾವಳಿಯು 1987ರಲ್ಲಿಯೇ ಐಎಸ್‌ಒ 9735 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಆದರೆ ನಮ್ಮ ಸಣ್ಣ ಉದ್ದಿಮೆದಾರರ ಬಾಗಿಲಿಗೆ ಈ ವ್ಯವಸ್ಥೆ ಬಂದದ್ದು ಮುಖ್ಯವಾಗಿ ಇ-ಇನ್‌ವಾಯ್ಸ್ ಮೂಲಕ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಕಡ್ಡಾಯವಾದ ಈ ಕ್ರಮ, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯಿಸಿತು. ತಂತ್ರಾಂಶವನ್ನು ಅಳವಡಿಸುವವರು ಬಂದು ಎಲ್ಲವನ್ನೂ ಜೋಡಿಸಿ ಹೋಗುತ್ತಾರೆ. ಆದರೆ ಅದರೊಳಗಿನ ಒಂದು ಭಾಗವನ್ನು ಮಾಲೀಕರೇ ಕುಳಿತು ನಿರ್ಧರಿಸಬೇಕು. ಅದೇ ‘ಲುಕಪ್’, ಅಂದರೆ ದತ್ತಸಂಚಯದ ಕೋಷ್ಟಕದಲ್ಲಿ ಸಂಕೇತವನ್ನು ಹುಡುಕುವ ಕೆಲಸ.

ಗ್ರಾಹಕನು ಒಂದು ಬೋಲ್ಟಿಗೆ ಕೊಟ್ಟಿರುವ ಸಂಕೇತವೇ ಬೇರೆ, ನಮ್ಮ ದಾಸ್ತಾನು ಪುಸ್ತಕದಲ್ಲಿರುವುದೇ ಬೇರೆ. ಅಂತರರಾಷ್ಟ್ರೀಯ ಸಂದೇಶಗಳಲ್ಲಿ ಕಿಲೋಗ್ರಾಂ ಎಂಬುದು ‘ಕೆಜಿಎಂ’, ಜಿಎಸ್‌ಟಿ ಪಟ್ಟಿಯಲ್ಲಿ ‘ಕೆಜಿಎಸ್’. ಡಜನ್ ಅಲ್ಲಿ ‘ಡಿಝಡ್‌ಎನ್’, ಇಲ್ಲಿ ‘ಡಿಒಝಡ್’. ಹಿಂದೆ ಈ ಹೊಂದಾಣಿಕೆಯನ್ನು ಗುಮಾಸ್ತರು ಪಟ್ಟಿ ನೋಡಿ ಮಾಡುತ್ತಿದ್ದರು. ಪಟ್ಟಿಯಲ್ಲಿ ಸಿಗದಿದ್ದರೆ ಬಂದು ಯಜಮಾನರನ್ನು ಕೇಳುತ್ತಿದ್ದರು. ತಂತ್ರಾಂಶ ಮಾತ್ರ, ಕೇಳೆಂದು ಹೇಳಿಟ್ಟಿದ್ದರಷ್ಟೇ ಕೇಳುತ್ತದೆ.

ಮೈಕ್ರೋಸಾಫ್ಟ್ ಕಂಪನಿಯ ಬಿಝ್‌ಟಾಕ್ ತಂತ್ರಾಂಶವನ್ನೇ ನೋಡಬಹುದು. ಅದರ ಲುಕಪ್ ಘಟಕಕ್ಕೆ ನಾಲ್ಕು ವಿವರಗಳನ್ನು ಕೊಡಬೇಕು: ಹುಡುಕಬೇಕಾದ ಸಂಕೇತ, ದತ್ತಸಂಚಯದ ಸಂಪರ್ಕ ವಿವರ, ಕೋಷ್ಟಕದ ಹೆಸರು, ಯಾವ ಕಲಮಿನಲ್ಲಿ ಹುಡುಕಬೇಕೆಂಬುದು. ಸಿಕ್ಕ ಸಾಲಿನಿಂದ ಬೇಕಾದ ಅಂಶವನ್ನು ಎತ್ತಿಕೊಡಲು ಇನ್ನೊಂದು ಘಟಕವಿದೆ. ಸಂಪರ್ಕ ಕಡಿದರೆ ದೋಷವನ್ನು ತಿಳಿಸಲು ಮತ್ತೊಂದಿದೆ. ಆದರೆ ಕೋಷ್ಟಕದಲ್ಲಿ ಆ ಸಂಕೇತವೇ ಇಲ್ಲದಿದ್ದರೆ ಅದು ದೋಷವೆನಿಸುವುದಿಲ್ಲ, ಖಾಲಿ ಉತ್ತರ ಬರುತ್ತದೆ. ಒಂದೇ ಸಂಕೇತ ಎರಡು ಸಾಲುಗಳಲ್ಲಿದ್ದರೆ ಮೊದಲು ಸಿಕ್ಕ ಸಾಲನ್ನಷ್ಟೇ ಅದು ತೆಗೆದುಕೊಳ್ಳುತ್ತದೆ. ಆದುದರಿಂದ ಕೋಷ್ಟಕದಲ್ಲಿ ಒಂದು ಸಂಕೇತ ಎರಡು ಬಾರಿ ಸೇರದಂತೆ ದತ್ತಸಂಚಯದಲ್ಲಿಯೇ ನಿರ್ಬಂಧ ಹಾಕಿಸುವುದು ಒಳ್ಳೆಯದು.

ಖಾಲಿ ಉತ್ತರವನ್ನು ತುಂಬಲು ಅಳವಡಿಸುವವರು ಸಾಮಾನ್ಯವಾಗಿ ಸೂಚಿಸುವ ಉಪಾಯವೆಂದರೆ ‘ಡಿಫಾಲ್ಟ್’ ಬೆಲೆ, ಅಂದರೆ ಏನೂ ಸಿಗದಿದ್ದರೆ ಇದನ್ನು ಹಾಕು ಎಂಬ ಪೂರ್ವನಿಗದಿತ ಉತ್ತರ. ಕೆಲಸ ನಿಲ್ಲುವುದಿಲ್ಲವೆಂಬುದು ಇದರ ಆಕರ್ಷಣೆ. ಅಪಾಯವಿರುವುದೂ ಅಲ್ಲಿಯೇ. ಗ್ರಾಹಕನು ಬೋಲ್ಟುಗಳಿಗೆ ‘5 ಎಂಐಎಲ್’ ಎಂದು ಆದೇಶ ಕಳುಹಿಸಿದನೆನ್ನಿ. ಎಂಐಎಲ್ ಎಂದರೆ ಸಾವಿರ. ನಮ್ಮ ಕೋಷ್ಟಕದಲ್ಲಿ ಆ ಸಂಕೇತವಿಲ್ಲ, ಡಿಫಾಲ್ಟ್ ಆಗಿ ‘ಸಂಖ್ಯೆ’ ಎಂದಿದೆ. 5,000 ಬೋಲ್ಟುಗಳ ಆದೇಶ 5 ಬೋಲ್ಟುಗಳದ್ದಾಗಿ ಉತ್ಪಾದನಾ ವಿಭಾಗವನ್ನು ತಲುಪುತ್ತದೆ. ಎಲ್ಲಿಯೂ ಕೆಂಪು ದೀಪ ಉರಿಯುವುದಿಲ್ಲ. ತಪ್ಪು ಬಯಲಾಗುವುದು ಗ್ರಾಹಕನ ದೂರವಾಣಿ ಕರೆ ಬಂದಾಗ.

ಸರಕಿನ ವಿವರಣೆಯಂತಹ ಗೌಣ ಅಂಶಗಳಿಗೆ ಡಿಫಾಲ್ಟ್ ಇದ್ದರೆ ದೊಡ್ಡ ಹಾನಿಯಿಲ್ಲ. ಅಳತೆಯ ಮಾನ, ಎಚ್‌ಎಸ್‌ಎನ್ ಸಂಕೇತ, ತೆರಿಗೆ ದರ, ಬೆಲೆ, ಇವುಗಳಿಗೆ ಮಾತ್ರ ಅದು ಸಲ್ಲದು. ಸಂಕೇತ ಸಿಗದ ಸಂದೇಶವನ್ನು ತಡೆದು ಪ್ರತ್ಯೇಕವಾಗಿಡುವಂತೆ, ಕಚೇರಿಯ ಒಬ್ಬ ನಿರ್ದಿಷ್ಟ ವ್ಯಕ್ತಿಗೆ ಮಿಂಚಂಚೆ ಹೋಗುವಂತೆ ಏರ್ಪಾಡಿರಬೇಕು. ಯಾರೂ ತೆರೆದು ನೋಡದ ಅಂಚೆಪೆಟ್ಟಿಗೆಗೆ ಅದು ಹೋದರೆ ಫಲವಿಲ್ಲ.

ಸಾಂಬಾರ ಪದಾರ್ಥ, ಕಾಫಿ, ಅಡಿಕೆ ವರ್ತಕರಿಗೆ ವಿಶೇಷವಾಗಿ ಒಂದು ಮಾತು. ಕಾಫಿ 0901, ಮೆಣಸು 0904, ಏಲಕ್ಕಿ 0908, ಅಡಿಕೆ 0802ರಡಿ ಬರುತ್ತವೆ. ಎಲ್ಲವೂ ಸೊನ್ನೆಯಿಂದಲೇ ಆರಂಭವಾಗುತ್ತವೆ. ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಸಿದ್ಧಪಡಿಸುವಾಗ ಮೊದಲ ಸೊನ್ನೆ ಕಳಚಿಹೋಗಿ, ಇಡೀ ಮೆಣಸಿನ 090411 ಎಂಬುದು 90411 ಆಗುತ್ತದೆ. ಸಂದೇಶದಲ್ಲಿ ಸೊನ್ನೆಯಿದೆ, ಕೋಷ್ಟಕದಲ್ಲಿಲ್ಲ, ಹೊಂದಿಕೆ ಆಗುವುದಿಲ್ಲ. ಆ ಕಲಮು ಅಂಕಿಯ ರೂಪದಲ್ಲಿರದೆ ಅಕ್ಷರ ರೂಪದಲ್ಲಿರಬೇಕು. ಸಂಕೇತದ ಕೊನೆಯಲ್ಲಿ ಉಳಿದುಬಿಡುವ ಖಾಲಿ ಜಾಗವೂ ಇಂತಹುದೇ ತೊಂದರೆ ಕೊಡಬಲ್ಲದು, ಅದು ಕಣ್ಣಿಗಂತೂ ಕಾಣುವುದಿಲ್ಲ.

ತೆರಿಗೆ ದರದ ಕೋಷ್ಟಕದಲ್ಲಿ ‘ಯಾವ ದಿನದಿಂದ’, ‘ಯಾವ ದಿನದವರೆಗೆ’ ಎಂಬ ಎರಡು ಕಲಮುಗಳಿರಲಿ. 2025ರ ಸೆಪ್ಟೆಂಬರ್ 22ರಂದು ತುಪ್ಪದ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಹಳೆಯ ದರವನ್ನು ಅಳಿಸಿ ಹೊಸದನ್ನು ಬರೆದವರಿಗೆ, ಅದಕ್ಕೆ ಮೊದಲು ಮಾರಿದ ಸರಕು ಹಿಂದಿರುಗಿದಾಗ ಕ್ರೆಡಿಟ್ ನೋಟ್‌ಗೆ ಬೇಕಾದ ಹಳೆಯ ದರ ಕೋಷ್ಟಕದಲ್ಲಿ ಸಿಗದು.

ವೇಗಕ್ಕಾಗಿ ಕೋಷ್ಟಕದ ನಕಲನ್ನು ಸ್ಮೃತಿಯಲ್ಲಿ ಇಟ್ಟುಕೊಳ್ಳುವ ಸೌಲಭ್ಯವೂ ಉಂಟು. ಅದನ್ನು ಬಳಸಿದರೆ, ಇಂದು ಮಾಡಿದ ತಿದ್ದುಪಡಿ ಎಷ್ಟು ಹೊತ್ತಿಗೆ ಜಾರಿಗೆ ಬರುತ್ತದೆಂದು ಕೇಳಿ ತಿಳಿದಿರಬೇಕು.

ಅಳವಡಿಕೆಯ ಹಣ ಪೂರ್ತಿ ಪಾವತಿಸುವ ಮೊದಲು ಮೂರು ಪ್ರಾಯೋಗಿಕ ಆದೇಶಗಳನ್ನು ಕಳುಹಿಸಿ ನೋಡಿ: ಸರಿಯಾದ ಸಂಕೇತದ್ದೊಂದು, ಕೋಷ್ಟಕದಲ್ಲಿಲ್ಲದ ಸಂಕೇತದ್ದೊಂದು, ದತ್ತಸಂಚಯದ ಸಂಪರ್ಕವನ್ನೇ ಕಡಿದು ಇನ್ನೊಂದು. ಎರಡನೆಯ ಮತ್ತು ಮೂರನೆಯ ಆದೇಶಗಳು ಸದ್ದಿಲ್ಲದೆ ಒಳಗೆ ಬಂದುಬಿಟ್ಟರೆ ಕೊನೆಯ ಕಂತನ್ನು ತಡೆಹಿಡಿಯಿರಿ.