ಎರಡು ಸಾಲುಗಳ ಅದಲುಬದಲು

ಖಭೌತಶಾಸ್ತ್ರ ಓದಲು ಸೇರಿದವರಿಗೆ ಸಂಖ್ಯಾತ್ಮಕ ವಿಧಾನಗಳ ತರಗತಿಯಲ್ಲಿ ಮೊದಮೊದಲು ಸಿಗುವ ಲೆಕ್ಕಗಳಲ್ಲಿ ಒಂದು ಬಹಳ ಸರಳ: ಸೂರ್ಯನನ್ನು ನಡುವೆ ಇಡಿ, ಭೂಮಿಗೆ ಅದರ ವೇಗ ಕೊಡಿ, ಒಂದು ವರ್ಷ ಸುತ್ತಿಸಿ. ಇದಕ್ಕೆ ದೊಡ್ಡ ಯಂತ್ರ ಬೇಡ. ಜೆ.ಪಿ. ನಗರದ ಯಾವುದೋ ಪಿ.ಜಿ. ಕೋಣೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಇಪ್ಪತ್ತು ಸಾಲಿನ ಪ್ರೋಗ್ರಾಮ್ ಬರೆದರೆ ಸಾಕು. ಈ ವಿದ್ಯೆ ಕಲಿಯುವವರಿಗೆ ಬೆಂಗಳೂರಿನ ದಕ್ಷಿಣ ಭಾಗ ಒಳ್ಳೆಯ ನೆಲೆ. ಬಿಟಿಎಂ, ಮಡಿವಾಳ ದಾಟಿದರೆ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ; ಹಸಿರು ಮಾರ್ಗದ ಮೆಟ್ರೋ ಹಿಡಿದು ಯಶವಂತಪುರದತ್ತ ಹೊರಟರೆ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿ 1982ರಿಂದ ನಡೆಯುತ್ತಿರುವ ಜಂಟಿ ಖಗೋಳ ಕಾರ್ಯಕ್ರಮದಲ್ಲಿ ಕೋರಮಂಗಲದ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಪಾಲುದಾರರು.

ಕಂಪ್ಯೂಟರಿಗೆ ದೀರ್ಘವೃತ್ತದ ಕಕ್ಷೆಯೆಂದರೇನೆಂದು ಗೊತ್ತಿಲ್ಲ. ಅದು ಕಾಲವನ್ನು ತುಂಡು ಮಾಡಿಕೊಂಡು ಹೆಜ್ಜೆ ಹಾಕುತ್ತದೆ. ಪ್ರತಿ ಹೆಜ್ಜೆಗೂ ಎರಡು ಕೆಲಸ: ಈಗಿನ ವೇಗದಿಂದ ಹೊಸ ಸ್ಥಾನ, ಈಗಿನ ಸ್ಥಾನದಲ್ಲಿರುವ ಸೆಳೆತದಿಂದ ಹೊಸ ವೇಗ. 1768ರಲ್ಲಿ ಆಯ್ಲರ್ ಪ್ರಕಟಿಸಿದ ವಿಧಾನ ಇದು. ಓದಿದರೆ ತಪ್ಪೇ ಕಾಣಿಸುವುದಿಲ್ಲ.

ನಡೆಸಿ ನೋಡಿದರೆ ತಪ್ಪು ಕಾಣುತ್ತದೆ. ಒಂದೊಂದು ದಿನದ ಹೆಜ್ಜೆಯಿಟ್ಟು ಒಂದು ವರ್ಷ ಸುತ್ತಿಸಿದರೆ ಭೂಮಿ ಹೊರಟ ಜಾಗಕ್ಕೆ ಮರಳುವುದಿಲ್ಲ. ಸೂರ್ಯನಿಂದ ಎರಡೂವರೆ ಕೋಟಿ ಕಿಲೋಮೀಟರಿಗೂ ಹೆಚ್ಚು ಆಚೆ ಸರಿದಿರುತ್ತದೆ. ಹೆಜ್ಜೆಯನ್ನು ಒಂದು ಗಂಟೆಗೆ ಇಳಿಸಿದರೆ ಸರಿಹೋದಂತೆ ಕಾಣುತ್ತದೆ, ವರ್ಷಕ್ಕೆ ಶೇಕಡಾ ಒಂದರಷ್ಟೇ ತಪ್ಪು. ಆದರೆ ಅದೇ ಪ್ರೋಗ್ರಾಮನ್ನು ನೂರು ವರ್ಷ ಓಡಿಸಿ: ಕಕ್ಷೆ ಒಂದೂವರೆ ಪಟ್ಟು ಹಿಗ್ಗಿರುತ್ತದೆ. ಕಾರಣ ರೇಖಾಗಣಿತದಲ್ಲಿದೆ. ಪ್ರತಿ ಹೆಜ್ಜೆಯಲ್ಲೂ ಭೂಮಿ ಹಳೆಯ ವೇಗದಲ್ಲಿ, ಸ್ಪರ್ಶರೇಖೆಯ ಮೇಲೆ ನೇರವಾಗಿ ಹೋಗುತ್ತದೆ. ವೃತ್ತದ ಸ್ಪರ್ಶರೇಖೆ ಯಾವಾಗಲೂ ವೃತ್ತದ ಹೊರಗೇ ಇರುತ್ತದೆ. ಹಾಗಾಗಿ ತಪ್ಪುಗಳು ಒಂದನ್ನೊಂದು ಕಳೆಯುವ ಬದಲು ಒಂದೇ ದಿಕ್ಕಿಗೆ ಕೂಡುತ್ತ ಹೋಗುತ್ತವೆ. ಎಲ್ಲಿಂದಲೂ ಬರದ ಶಕ್ತಿ ಭೂಮಿಗೆ ಸೇರುತ್ತಿರುತ್ತದೆ.

ಈಗ ಪ್ರೋಗ್ರಾಮಿನ ಎರಡು ಸಾಲುಗಳನ್ನು ಮೇಲೆ ಕೆಳಗೆ ಮಾಡಿ. ಮೊದಲು ವೇಗವನ್ನು ತಿದ್ದಿ, ಆ ಹೊಸ ವೇಗದಿಂದಲೇ ಸ್ಥಾನವನ್ನು ಸರಿಸಿ. ಬೇರೇನೂ ಬದಲಿಸಬೇಡಿ, ಹೆಜ್ಜೆಯೂ ಒಂದು ದಿನದ್ದೇ ಇರಲಿ. ಕಕ್ಷೆ ಮುಚ್ಚಿಕೊಳ್ಳುತ್ತದೆ! ನೂರು ವರ್ಷ ಸುತ್ತಿಸಿದರೂ ಭೂಮಿ ತನ್ನ ದೂರ ಬಿಟ್ಟು ಹೋಗುವುದಿಲ್ಲ. ಅಮೆರಿಕದ ಭೌತಶಾಸ್ತ್ರಜ್ಞ ಅಲನ್ ಕ್ರೋಮರ್ ಇದರ ಬಗ್ಗೆ 1981ರಲ್ಲಿ ಲೇಖನ ಬರೆದರು. ಅವರ ಗಮನ ಇದರ ಕಡೆ ತಿರುಗಿದ್ದು ಒಬ್ಬ ಹೈಸ್ಕೂಲು ವಿದ್ಯಾರ್ಥಿನಿ ಸಾಲುಗಳ ಕ್ರಮ ಬದಲಿಸಿ ಬರೆದದ್ದರಿಂದ.

ಇನ್ನೂ ಹಿಂದೆ ಹೋದರೆ 1687ರ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ಎಳೆದ ಚಿತ್ರವೇ ಸಿಗುತ್ತದೆ. ಗ್ರಹ ನೇರವಾಗಿ ಸಾಗುತ್ತದೆ, ಸೂರ್ಯನತ್ತ ಒಂದು ತಳ್ಳು, ಬಾಗಿದ ವೇಗದಲ್ಲಿ ಮತ್ತೆ ನೇರ ನಡೆ, ಮತ್ತೊಂದು ತಳ್ಳು. ಹೀಗೆ ಮೂಡುವ ತ್ರಿಕೋನಗಳ ವಿಸ್ತೀರ್ಣ ಒಂದೇ ಆಗಿರುತ್ತದೆ ಎಂದು ತೋರಿಸಿ ಅವರು ಕೆಪ್ಲರನ ವಿಸ್ತೀರ್ಣ ನಿಯಮವನ್ನು ಸಾಧಿಸಿದರು. ನಮ್ಮ ಅದಲುಬದಲಾದ ಪ್ರೋಗ್ರಾಮ್ ಮಾಡುವುದೂ ಅಕ್ಷರಶಃ ಇದನ್ನೇ. ಹೆಜ್ಜೆ ಎಷ್ಟೇ ದೊಡ್ಡದಿರಲಿ, ಆ ವಿಸ್ತೀರ್ಣ ಒಂದು ಚೂರೂ ಕೆಡುವುದಿಲ್ಲ. ನನಗೆ ಇಡೀ ವಿಷಯದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ. ಲೆಕ್ಕ ಎಷ್ಟು ಸೂಕ್ಷ್ಮ ಎನ್ನುವುದಕ್ಕಿಂತ, ಪ್ರಕೃತಿ ಕಾಪಾಡಿಕೊಳ್ಳುವುದನ್ನು ಆ ಲೆಕ್ಕವೂ ಕಾಪಾಡುತ್ತದೆಯೇ ಎನ್ನುವುದು ಮುಖ್ಯ.

ಇಂಥ ವಿಧಾನಗಳಿಗೆ ಸಿಂಪ್ಲೆಕ್ಟಿಕ್ ವಿಧಾನಗಳೆಂದು ಹೆಸರು. ಇವೂ ಪೂರ್ತಿ ನಿಖರವಲ್ಲ. ಗ್ರಹ ಸರಿಯಾದ ಹಾದಿಯಲ್ಲಿದ್ದರೂ ಕೊಂಚ ಹಿಂದೋ ಮುಂದೋ ಇರಬಹುದು. ಆದರೂ ಕೋಟ್ಯಂತರ ವರ್ಷಗಳ ಲೆಕ್ಕಕ್ಕೆ ಇವೇ ಬೇಕು. 2009ರಲ್ಲಿ ಪ್ಯಾರಿಸ್ಸಿನ ಜಾಕ್ ಲಾಸ್ಕರ್ ಮತ್ತು ಮಿಕಾಯೆಲ್ ಗ್ಯಾಸ್ಟಿನೋ ಇಂಥ ವಿಧಾನದಿಂದಲೇ ಸೌರವ್ಯೂಹವನ್ನು 500 ಕೋಟಿ ವರ್ಷ ಮುಂದಕ್ಕೆ, 2,501 ಬಾರಿ ಓಡಿಸಿದರು. ಒಂದು ಓಟಕ್ಕೂ ಮುಂದಿನದಕ್ಕೂ ಬುಧನ ಕಕ್ಷೆಯಲ್ಲಿದ್ದ ಆರಂಭದ ವ್ಯತ್ಯಾಸ 0.38 ಮಿಲಿಮೀಟರ್. ಸುಮಾರು ಶೇಕಡಾ ಒಂದರಷ್ಟು ಓಟಗಳಲ್ಲಿ ಬುಧನ ಕಕ್ಷೆ ಶುಕ್ರನಿಗೋ ಸೂರ್ಯನಿಗೋ ಬಡಿಯುವಷ್ಟು ಉದ್ದಕ್ಕೆ ಎಳೆದುಕೊಂಡಿತು.

ಗ್ರಹಗಳನ್ನು ಬಿಟ್ಟು ಅನಿಲಕ್ಕೆ ಬಂದರೆ, ಅಂದರೆ ನಕ್ಷತ್ರ ಹುಟ್ಟುವ ಮೋಡ, ಸೂಪರ್ನೋವಾ ಅಲೆಗಳಿಗೆ ಬಂದರೆ, ಕಷ್ಟ ಬೇರೆ ಬಗೆಯದು. ಜಾಗವನ್ನು ಸಣ್ಣ ಸಣ್ಣ ಘನಾಕಾರದ ಕೋಶಗಳಾಗಿ ಕತ್ತರಿಸಬೇಕು. ಒಂದು ಹೆಜ್ಜೆಯಲ್ಲಿ ಅಲೆ ಒಂದು ಕೋಶಕ್ಕಿಂತ ದೂರ ಓಡಬಾರದು. ಓಡಿದರೆ ಸಂಖ್ಯೆಗಳು ಕೆಲವೇ ಹೆಜ್ಜೆಗಳಲ್ಲಿ ಸಿಡಿದು ಅರ್ಥ ಕಳೆದುಕೊಳ್ಳುತ್ತವೆ. ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು 1928ರಲ್ಲೇ, ಕಂಪ್ಯೂಟರ್ ಹುಟ್ಟುವ ಮೊದಲೇ, ಈ ಷರತ್ತನ್ನು ಕಂಡುಹಿಡಿದಿದ್ದರು. ಕೋಶದ ಬದಿಯನ್ನು ಅರ್ಧ ಮಾಡಿದರೆ ಕೋಶಗಳು ಎಂಟು ಪಟ್ಟು, ಹೆಜ್ಜೆಗಳು ಎರಡು ಪಟ್ಟು; ಒಟ್ಟು ಕೆಲಸ ಹದಿನಾರು ಪಟ್ಟು. ದೊಡ್ಡ ಯಂತ್ರ ಬೇಕಾಗುವುದು ಇಲ್ಲಿ. ದ್ರವ, ಅನಿಲಗಳ ಹರಿವನ್ನು ಲೆಕ್ಕಹಾಕಲೆಂದೇ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ 1986ರಲ್ಲಿ ಫ್ಲೋಸಾಲ್ವರ್ ಸಿದ್ಧವಾಯಿತು, ದೇಶದ ಮೊದಲ ಸಮಾಂತರ ಕಂಪ್ಯೂಟರ್. 2022ರಲ್ಲಿ ವಿಜ್ಞಾನ ಸಂಸ್ಥೆಗೆ ಬಂದ ಸೂಪರ್ ಕಂಪ್ಯೂಟರ್ ಪರಮ್ ಪ್ರವೇಗದ ಸಾಮರ್ಥ್ಯ 3.3 ಪೆಟಾಫ್ಲಾಪ್: ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ.

ಕೋರಮಂಗಲದ ಸಂಸ್ಥೆ ತಯಾರಿಸಿದ ಸೂರ್ಯನ ಕರೋನಾ ದರ್ಶಕವನ್ನು ಹೊತ್ತ ಆದಿತ್ಯ-ಎಲ್1 ನೌಕೆ ಇರುವ ಜಾಗದಲ್ಲೂ ಹೆಜ್ಜೆ ಹೆಜ್ಜೆಯ ಲೆಕ್ಕವೇ ಗತಿ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಆ ಕಕ್ಷೆಗೆ ಸೂರ್ಯನ ಸೆಳೆತ, ಭೂಮಿಯ ಸೆಳೆತ ಎರಡೂ ಸೇರುವುದರಿಂದ ಕೆಪ್ಲರನ ದೀರ್ಘವೃತ್ತದಂಥ ಸಿದ್ಧ ಸೂತ್ರವಿಲ್ಲ. ಜೊತೆಗೆ ಅದು ಅಸ್ಥಿರ ಕಕ್ಷೆ, ಸುಮ್ಮನೆ ಬಿಟ್ಟರೆ ನೌಕೆ ಜಾರಿಹೋಗುತ್ತದೆ. 178 ದಿನಗಳ ಮೊದಲ ಸುತ್ತಿನಲ್ಲಿ 2024ರ ಫೆಬ್ರವರಿ 22 ಮತ್ತು ಜೂನ್ 7ರಂದು ಎಂಜಿನ್ ಉರಿಸಿ ದಾರಿ ತಿದ್ದಬೇಕಾಯಿತು. ಜುಲೈ 2ರ ಮೂರನೆಯ ತಿದ್ದುಪಡಿ ನೌಕೆಯನ್ನು ಎರಡನೆಯ ಸುತ್ತಿಗೆ ಹತ್ತಿಸಿತು. ಆ ದಾರಿಯನ್ನು ಲೆಕ್ಕಹಾಕಿದ ತಂತ್ರಾಂಶವನ್ನು ಬರೆದದ್ದು ಬೆಂಗಳೂರಿನದೇ ಯು.ಆರ್. ರಾವ್ ಉಪಗ್ರಹ ಕೇಂದ್ರ.