ಗ್ರಾಂ ಲೆಕ್ಕದ ಸೈಕಲ್ಲು, ಗುಡ್ಡವಿಲ್ಲದ ದ್ವೀಪ



ಕಳೆದ ಸಲ ನಾವೆಲ್ಲ ಸೇರಿದ್ದಾಗ, ಊಟ ಮುಗಿಸಿ ಕೈ ತೊಳೆಯುವ ಸಾಲಿನಲ್ಲಿ ಗೆಳೆಯರೊಬ್ಬರು ಕೇಳಿದರು: “ನಿಮ್ಮ ಸೈಕಲ್ಲಿಗೆ ಒಂದು ತಿಂಗಳ ಮನೆ ಬಾಡಿಗೆಯಷ್ಟು ದುಡ್ಡು ಸುರಿದಿದ್ದೀರಂತಲ್ಲ, ಅದರಲ್ಲಿ ಅಂಥದ್ದೇನಿದೆ ಮಾರಾಯ್ರೆ?” (ಈ ಲೆಕ್ಕ ಅವರಿಗೆ ಹೇಳಿದ್ದು ನನ್ನ ಶ್ರೀಮತಿಯೇ ಎಂದು ಬೇರೆ ಹೇಳಬೇಕಾಗಿಲ್ಲ.) ಅಲ್ಲಿ ನಾನು ಕೊಟ್ಟ ಉತ್ತರ ಅವರಿಗೂ ಸಮಾಧಾನ ತರಲಿಲ್ಲ, ನನಗೂ ತರಲಿಲ್ಲ. ಆದ್ದರಿಂದ ಈ ಬರಹ.

ಮೊದಲೇ ಹೇಳಿಬಿಡುತ್ತೇನೆ, ನಾನು ರೇಸುಗಾರನಲ್ಲ. ಶುಕ್ರವಾರ ಬೆಳಗಿನ ಜಾವ ಸಲ್ಮಾನಿಯಾದ ಫ್ಲಾಟಿನಿಂದ ಸೈಕಲ್ ಹೊತ್ತು ಕೆಳಗಿಳಿಸಿ, ಸಖೀರ್ ಕಡೆಗೆ ಒಂದು ಸುತ್ತು ಹೊಡೆದು, ಬಿಸಿಲೇರುವ ಮುನ್ನ ಮನೆಗೆ ಬಂದು ದೋಸೆ ತಿನ್ನುವವರ ಪೈಕಿ. ವಯಸ್ಸು ಐವತ್ತು ದಾಟಿದೆ, ತೂಕ ಎಂಬತ್ತು ಕಿಲೋ ಮುಟ್ಟಿದೆ. “ರೋಡ್ ಬೈಕ್ ತಗೊಂಡೆ” ಎಂದು ಊರಿಗೆ ಫೋನ್ ಮಾಡಿದಾಗ ಅಣ್ಣ ಕೇಳಿದ್ದು, “ಎಷ್ಟು ಮೈಲೇಜ್ ಕೊಡ್ತದೆ?” ಅಂತ!

ಕಾರ್ಕಳದಲ್ಲಿ ಅಪ್ಪನ ಹತ್ತಿರ ಒಂದು ಕಪ್ಪು ಹರ್ಕ್ಯುಲಿಸ್ ಇತ್ತು. ಅದರ ಕ್ಯಾರಿಯರ್ ಮೇಲೆ ಒಂದು ಮುಡಿ ಅಕ್ಕಿ ಕಟ್ಟಿದರೂ ಅದು ‘ಹೂಂ’ ಎನ್ನುತ್ತಿರಲಿಲ್ಲ. ಆ ಜಾತಿಯ ಸೈಕಲ್ಲು ಇಪ್ಪತ್ತು ಕಿಲೋ ಹತ್ತಿರ ತೂಗುತ್ತದೆ. ನಮ್ಮ ಓಣಿಯ ಕೋಲ್ಡ್ ಸ್ಟೋರಿನ ಹುಡುಗ ರಾತ್ರಿ ಹನ್ನೊಂದಕ್ಕೆ ಹಾಲು, ಖುಬ್ಬೂಸು ತಂದುಕೊಡುವ ಸೈಕಲ್ಲೂ ಅದೇ ವಂಶದ್ದು. ನನ್ನದು ಎಂಟು ಕಿಲೋ. ರೇಸಿನ ಸೈಕಲ್ಲುಗಳನ್ನು ಇನ್ನೂ ಹಗುರ ಮಾಡಬಹುದು. ಆದರೆ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ 2000ನೇ ಇಸವಿಯಿಂದ ಒಂದು ಗೆರೆ ಎಳೆದಿದೆ: ಸ್ಪರ್ಧೆಯ ಸೈಕಲ್ಲು 6.8 ಕಿಲೋಗಿಂತ ಕಡಿಮೆ ಇರುವಂತಿಲ್ಲ. ನಮ್ಮಂಥ ದೋಸೆ ಗುಂಪಿಗೆ ಆ ನಿಯಮ ಅನ್ವಯಿಸುವುದಿಲ್ಲವಾದ್ದರಿಂದ ನಮ್ಮ ಹುಚ್ಚಿಗೆ ಮಿತಿಯೂ ಇಲ್ಲ.

ತೂಕ ಇಳಿಸುವ ದಾರಿ ಎರಡೇ. ಒಂದು, ಲೋಹ ಬದಲಾಯಿಸುವುದು. ಒಂದು ಘನ ಸೆಂಟಿಮೀಟರ್ ಉಕ್ಕು 7.8 ಗ್ರಾಂ ತೂಗಿದರೆ ಟೈಟಾನಿಯಂ 4.5, ಅಲ್ಯೂಮಿನಿಯಂ 2.7, ಕಾರ್ಬನ್ ಫೈಬರ್ ಸುಮಾರು 1.6. ಇನ್ನೊಂದು, ಕೆಲಸವಿಲ್ಲದ ಕಡೆಯಿಂದ ಲೋಹವನ್ನೇ ತೆಗೆದುಬಿಡುವುದು. ಎಪ್ಪತ್ತರ ದಶಕದಲ್ಲಿ ಇದು ಒಂದು ಖಾಯಿಲೆಯೇ ಆಗಿತ್ತು. ಬ್ರೇಕಿನ ಹಿಡಿ, ಚೈನಿನ ಚಕ್ರ, ಸೀಟಿನ ಕಂಬ, ಕಂಡಕಂಡಲ್ಲೆಲ್ಲ ಡ್ರಿಲ್ ಹಾಕಿ ತೂತು ಕೊರೆದರು. ಆ ಶೈಲಿಗೆ ತಮಾಷೆಗೆ ‘ಡ್ರಿಲಿಯಂ’ ಎಂಬ ಹೆಸರೂ ಬಂತು. ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1972ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋ ನಗರದ ಟ್ರ್ಯಾಕಿನಲ್ಲಿ ಒಂದು ಗಂಟೆಗೆ 49.431 ಕಿ.ಮೀ. ಓಡಿಸಿ ದಾಖಲೆ ಮಾಡಿದಾಗ, ಎರ್ನೆಸ್ಟೋ ಕೊಲ್ನಾಗೊ ಕಟ್ಟಿಕೊಟ್ಟ ಅವನ ಸೈಕಲ್ಲು ಆರು ಕಿಲೋಗೂ ಕಡಿಮೆ ಇತ್ತು. ಅದರ ಚೈನಿನ ಕೊಂಡಿಗಳಿಗೂ ತೂತು! ವಿಚಿತ್ರವೆಂದರೆ, ಏರುತಗ್ಗಿಲ್ಲದ ಟ್ರ್ಯಾಕಿನಲ್ಲಿ ಅವನಿಗೆ ನಿಜವಾಗಿ ನೆರವಾದದ್ದು ತೂತುಗಳಿಗಿಂತ ಹೆಚ್ಚಾಗಿ ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲಿರುವ ಆ ಊರಿನ ತೆಳು ಗಾಳಿ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆದರೂ ಆ ಕಾಲದ ಬಿಡಿಭಾಗಗಳ ಚಂದವೇ ಚಂದ. ಇಟಲಿಯ ಕ್ಯಾಂಪಗ್ನೋಲೊ ಕಂಪನಿಯ ‘ಸೂಪರ್ ರೆಕಾರ್ಡ್’ ಡಿರೇಲರನ್ನು ಒಮ್ಮೆ ಅಂಗೈ ಮೇಲೆ ಇಟ್ಟು ನೋಡಬೇಕು. (ಡಿರೇಲರ್ ಎಂದರೆ ಗೇರ್ ಬದಲಾಯಿಸಲು ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಪುಟ್ಟ ತೋಳು.) ನಮ್ಮ ಅಜ್ಜಿಯ ವಂಕಿಯನ್ನು ಮಾಡಿದ ಅಕ್ಕಸಾಲಿ ನೋಡಿದ್ದರೆ ಅವನೂ ತಲೆದೂಗುತ್ತಿದ್ದ ಎನಿಸುತ್ತದೆ. ಅಂಚುಗಳನ್ನೆಲ್ಲ ಉಜ್ಜಿ ಉರುಟು ಮಾಡಿದ್ದಾರೆ, ಅಕ್ಷರಗಳನ್ನು ಲೋಹದಲ್ಲೇ ಕೊರೆದಿದ್ದಾರೆ, ಕಣ್ಣಿಗೆ ಕಾಣದ ಸ್ಕ್ರೂ ಸಹ ಹೊಳೆಯುತ್ತದೆ. ಇಂದಿನವು ಹೆಚ್ಚಾಗಿ ಕಪ್ಪು ಕಾರ್ಬನ್. ಅವಕ್ಕೆ ಬೇರೆಯೇ ಒಂದು ಗಾಂಭೀರ್ಯವಿದೆ. ನೂರು ಗ್ರಾಂ ಆಸುಪಾಸಿನ ಕಾರ್ಬನ್ ಸೀಟನ್ನು ಕೈಗೆತ್ತಿಕೊಂಡರೆ ಯಾರೋ ಖಾಲಿ ಡಬ್ಬ ಕೊಟ್ಟು ಮೋಸ ಮಾಡಿದರೇನೋ ಎನಿಸುತ್ತದೆ. ನನಗೆ ಮಾತ್ರ ಟೈಟಾನಿಯಂ ಬೋಲ್ಟುಗಳ ಮೇಲೆ ಪ್ರೀತಿ. ಉಕ್ಕಿನದಕ್ಕಿಂತ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು ಹಗುರ, ತುಕ್ಕು ಹಿಡಿಯದು, ಬೆಳಗಿನ ಬಿಸಿಲಿಗೆ ಒಂದು ಥರದ ಬೂದುಬಣ್ಣದ ಹೊಳಪು. ಇಡೀ ಸೈಕಲ್ಲಿಗೆ ಹಾಕಿಸಿದರೂ ಉಳಿಯುವುದು ಕೆಲವು ಹತ್ತು ಗ್ರಾಂ, ಅಷ್ಟೇ ಎನ್ನಿ.

ಈಗ ಗೆಳೆಯರ ಪ್ರಶ್ನೆಗೆ ಬರೋಣ. ನಾನು ಬಾಡಿಗೆಯಷ್ಟು ದುಡ್ಡು ಕೊಟ್ಟು ಇಳಿಸಿದ್ದು ಒಟ್ಟು ಅರ್ಧ ಕಿಲೋ. ಅದರ ಲಾಭವೇನು? ನಮ್ಮೂರ ಕಡೆಯ ಆಗುಂಬೆ ಘಾಟಿಯನ್ನೇ ತೆಗೆದುಕೊಳ್ಳಿ. ಸೋಮೇಶ್ವರದಿಂದ ಮೇಲಕ್ಕೆ ಹದಿನಾಲ್ಕು ಹೇರ್‌ಪಿನ್ ತಿರುವು. ಲೆಕ್ಕಕ್ಕೆ 500 ಮೀಟರ್ ಏರು ಅಂತಿಟ್ಟುಕೊಳ್ಳಿ. ನನ್ನಂಥವನು 150 ವ್ಯಾಟ್ ಶಕ್ತಿಯಲ್ಲಿ ತುಳಿದರೆ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಬೇಕು. ಅರ್ಧ ಕಿಲೋ ಕಡಿಮೆಯಾದರೆ ಉಳಿಯುವ ಸಮಯ ಸುಮಾರು 16 ಸೆಕೆಂಡ್. ರೇಸಿನವರಿಗೆ ಅದು ಗೆಲುವು ಸೋಲಿನ ವಿಷಯ. ನನಗೆ ಒಂದು ಸಲ ಮೂಗು ಒರೆಸಿಕೊಳ್ಳುವ ಹೊತ್ತು.

ಅದು ಘಾಟಿಯ ಮಾತಾಯಿತು. ಬಹರೈನಿನಲ್ಲಿ? ಇಲ್ಲಿನ ಅತಿ ಎತ್ತರದ ಜಾಗ ಜಬಲ್ ಅಲ್ ದುಖಾನ್, ಅಂದರೆ ಹೊಗೆಯ ಬೆಟ್ಟ. 1932ರಲ್ಲಿ ಎಣ್ಣೆ ಸಿಕ್ಕ ಮೊದಲ ಬಾವಿ ಅದರ ಬುಡದಲ್ಲೇ ಇದೆ. ಎತ್ತರ ಸುಮಾರು 130 ಮೀಟರ್. ಸಮುದ್ರಮಟ್ಟದಿಂದ ಅದರ ತುದಿವರೆಗೆ ರಸ್ತೆ ಹಾಕಿಕೊಟ್ಟರೂ ನನ್ನ ಅರ್ಧ ಕಿಲೋ ಉಳಿಸುವುದು ನಾಲ್ಕು ಸೆಕೆಂಡ್! ಸಮತಟ್ಟು ರಸ್ತೆಯಲ್ಲಿ ಒಂದು ಗಂಟೆ ತುಳಿದರೆ ಎರಡು ಸೆಕೆಂಡ್ ಸಿಕ್ಕರೆ ಪುಣ್ಯ. ಏಕೆಂದರೆ ಗಂಟೆಗೆ 30 ಕಿ.ಮೀ. ವೇಗದಲ್ಲಿ ನಮ್ಮ ಶ್ರಮದ ನಾಲ್ಕರಲ್ಲಿ ಮೂರು ಪಾಲು ಹೋಗುವುದು ಗಾಳಿಯನ್ನು ಸೀಳುವುದಕ್ಕೆ, ಅದಕ್ಕೆ ತೂಕದ ಹಂಗಿಲ್ಲ. ಶಮಾಲ್ ಗಾಳಿ ಎದುರಿಗೆ ಬೀಸುವ ದಿನವಂತೂ ಕೇಳಲೇಬೇಡಿ. ಸಾಲದ್ದಕ್ಕೆ, ಇಷ್ಟೆಲ್ಲ ಗ್ರಾಂ ಉಳಿಸಿ ಮನೆಯಿಂದ ಹೊರಡುವಾಗ ಮುಕ್ಕಾಲು ಲೀಟರಿನ ಎರಡು ನೀರಿನ ಬಾಟಲಿ ಸಿಕ್ಕಿಸಿಕೊಳ್ಳುತ್ತೇವೆ. ಒಂದೂವರೆ ಕಿಲೋ! ಜುಲೈ ತಿಂಗಳಲ್ಲಿ ಅದನ್ನು ಬಿಟ್ಟು ಹೋಗುವ ಧೈರ್ಯ ಯಾರೂ ಮಾಡಬಾರದು.

ಪಕ್ಕದ ದೋಹಾದಲ್ಲಿ 2016ರ ವಿಶ್ವ ರೋಡ್ ಚಾಂಪಿಯನ್‌ಷಿಪ್ ನಡೆದಾಗ ನಮ್ಮ ಬೆಂಗಳೂರಿನ ನವೀನ್ ಜಾನ್ ಟೈಮ್ ಟ್ರಯಲ್‌ನಲ್ಲಿ ಭಾಗವಹಿಸಿದ್ದರು. ಅಂಥ ಚಪ್ಪಟೆ ನೆಲದಲ್ಲಿ ಸವಾರರೆಲ್ಲ ಏರುವುದು ಗಾಳಿ ಸೀಳಲೆಂದೇ ರೂಪಿಸಿದ, ದಪ್ಪ ಚಕ್ರದ, ಸಾಕಷ್ಟು ತೂಕದ ಸೈಕಲ್ಲು. ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಬಹರೈನ್ ತಂಡದ್ದೇ ಇದೆ. 2017ರಲ್ಲಿ ಶುರುವಾದ ಈ ದೇಶದ ವೃತ್ತಿಪರ ತಂಡದ ಮಟೇಯ್ ಮೊಹೊರಿಚ್ 2022ರ ಮಾರ್ಚ್‌ನಲ್ಲಿ ಇಟಲಿಯ ಮಿಲಾನ್–ಸಾನ್ ರೆಮೊ ರೇಸನ್ನು ಗೆದ್ದರು. ಸುಮಾರು 290 ಕಿ.ಮೀ. ಓಟ. ಅವರು ಹಾಕಿಸಿಕೊಂಡಿದ್ದು ಬೆಟ್ಟದ ಸೈಕಲ್ಲುಗಳಲ್ಲಿ ಇರುವಂಥ, ಓಡುತ್ತಿರುವಾಗಲೇ ಕೆಳಗಿಳಿಸಬಹುದಾದ ಸೀಟಿನ ಕಂಬ. ಮಾಮೂಲಿ ಕಂಬಕ್ಕಿಂತ ಭಾರ! ಆದರೆ ಕೊನೆಯ ಪೊಜ್ಜಿಯೊ ಗುಡ್ಡದ ಇಳಿಜಾರಿನಲ್ಲಿ ಸೀಟು ತಗ್ಗಿಸಿ, ಮೈಯನ್ನು ನೆಲಕ್ಕೆ ಹತ್ತಿರ ತಂದು, ಬೇರೆಯವರು ಬ್ರೇಕ್ ಒತ್ತುತ್ತಿದ್ದ ತಿರುವುಗಳಲ್ಲಿ ಇವರು ನುಗ್ಗಿಬಿಟ್ಟರು. ಎಲ್ಲರೂ ಗ್ರಾಂ ಇಳಿಸುತ್ತಿದ್ದಾಗ ಇವರು ಏರಿಸಿ ಗೆದ್ದರು.

ಇಷ್ಟೇ ಆಗಿದ್ದರೆ ನನ್ನ ಹುಚ್ಚು ಬರೀ ದುಡ್ಡಿನ ದಂಡವಾಗುತ್ತಿತ್ತು, ಇರಲಿ ಬಿಡಿ ಎನ್ನಬಹುದಿತ್ತು. ಕಳೆದ ರಂಜಾನ್ ರಜೆಯಲ್ಲಿ ಹ್ಯಾಂಡಲಿನ ಪಟ್ಟಿ ಹಳತಾಯಿತೆಂದು ಬಿಚ್ಚಿದೆ. ತೆಳು ಅಲ್ಯೂಮಿನಿಯಂನ ಹಗುರ ಹ್ಯಾಂಡಲ್, ಮೂರು ವರ್ಷದಿಂದ ಕೈ ಊರಿದ್ದು ಅದರ ಮೇಲೆಯೇ. ಪಟ್ಟಿಯ ಅಡಿಯಲ್ಲಿ ಸುಣ್ಣದಂಥ ಬಿಳಿ ಪುಡಿ. ಒರೆಸಿದರೆ ಬ್ರೇಕಿನ ಹಿಡಿ ಕೂರುವ ಜಾಗದಲ್ಲಿ ಗೆದ್ದಲು ತಿಂದ ಹಾಗೆ ಗುಳಿಗಳು, ಒಂದರಿಂದ ಕೂದಲೆಳೆಯಷ್ಟು ಬಿರುಕು ಹೊರಟಿತ್ತು. ಕೈ ನಡುಗಿತು. ಹಿಂದಿನ ಶುಕ್ರವಾರ ಅದೇ ಹ್ಯಾಂಡಲ್ ಹಿಡಿದು ಹೈವೇಯ ಅಂಚಿನಲ್ಲಿ, ಪಕ್ಕದಲ್ಲಿ ಟ್ರಕ್ಕುಗಳು ಹೋಗುತ್ತಿದ್ದಾಗ, ನಲವತ್ತರ ವೇಗದಲ್ಲಿ ಬಂದಿದ್ದೆ.

ಕಾರಣ ಸರಳ. ಬೆವರಿನಲ್ಲಿ ಉಪ್ಪು, ಇಲ್ಲಿನ ತೇವದ ಗಾಳಿಯಲ್ಲೂ ಉಪ್ಪು. ಪಟ್ಟಿ ಅದನ್ನು ಒಳಗೇ ಹಿಡಿದಿಡುತ್ತದೆ, ಅಲ್ಯೂಮಿನಿಯಂ ಮೆಲ್ಲಗೆ ಸವೆಯುತ್ತದೆ. ದಪ್ಪ ಹ್ಯಾಂಡಲಿಗೆ ಸವೆಯಲು ಮಾಂಸ ಇರುತ್ತದೆ. ತೂಕ ಉಳಿಸಲು ತೆಳುವಾಗಿಸಿದ್ದಕ್ಕೆ ಇರುವುದಿಲ್ಲ. ಅಲ್ಯೂಮಿನಿಯಂ ಮತ್ತು ಕಾರ್ಬನ್ ಒಂದಕ್ಕೊಂದು ತಾಗಿದ ಕಡೆ ಉಪ್ಪುನೀರು ಸೇರಿದರೆ ಬ್ಯಾಟರಿಯ ಹಾಗೆ ಕೆಲಸವಾಗಿ ಅಲ್ಯೂಮಿನಿಯಂ ಇನ್ನೂ ಬೇಗ ಹಾಳಾಗುತ್ತದೆ, ಸೀಟಿನ ಕಂಬ ಜಪ್ಪಯ್ಯ ಅಂದರೂ ಕದಲದಂತೆ ಕಚ್ಚಿಕೊಳ್ಳುತ್ತದೆ. ನನ್ನ ಮೆಚ್ಚಿನ ಟೈಟಾನಿಯಂ ಬೋಲ್ಟು ತಾನು ಕೆಡುವುದಿಲ್ಲ, ತಾನು ಕೂತ ಅಲ್ಯೂಮಿನಿಯಂ ಹಲ್ಲನ್ನು ಕೆಡಿಸುತ್ತದೆ. ಗ್ರೀಸ್ ಹಚ್ಚದೆ ಹಾಕಲೇಬಾರದು. ಕಾರ್ಬನ್ನಿಗೆ ತುಕ್ಕಿನ ಭಯವಿಲ್ಲ, ಆದರೆ ಬಿಗಿ ಹೆಚ್ಚಾದರೆ ಒಳಗೇ ಸೀಳುತ್ತದೆ, ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ. ಅದಕ್ಕೆಂದೇ ಭಾಗಗಳ ಮೇಲೆ ‘5 ನ್ಯೂಟನ್ ಮೀಟರ್’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ಅಳೆದು ಬಿಗಿಯಲು ಟಾರ್ಕ್ ವ್ರೆಂಚ್ ಬೇಕು, ಕೈಯ ಅಂದಾಜು ಸಾಲದು.

ಈಗ ನನ್ನ ಸೈಕಲ್ಲಿನಲ್ಲಿ ಸಾಧಾರಣ ಹ್ಯಾಂಡಲ್ ಇದೆ, ಮೊದಲಿನದಕ್ಕಿಂತ 80 ಗ್ರಾಂ ಭಾರ. ಪ್ರತಿ ಸವಾರಿಯ ನಂತರ ಸಿಹಿನೀರಿನಲ್ಲಿ ಒರೆಸುತ್ತೇನೆ, ಆರು ತಿಂಗಳಿಗೊಮ್ಮೆ ಪಟ್ಟಿ ಬಿಚ್ಚಿ ನೋಡುತ್ತೇನೆ. ಟೈಟಾನಿಯಂ ಬೋಲ್ಟುಗಳನ್ನು ಮಾತ್ರ ತೆಗೆದಿಲ್ಲ, ನಾಲ್ಕೂ ಹಾಗೇ ಹೊಳೆಯುತ್ತಿವೆ. ಹಳೆಯ ಹ್ಯಾಂಡಲನ್ನು ಮುಂದಿನ ಸಭೆಗೆ ಚೀಲದಲ್ಲಿ ಹಾಕಿ ತರುತ್ತೇನೆ, ಬಿರುಕು ಬರಿಗಣ್ಣಿಗೇ ಕಾಣುತ್ತದೆ. ಮನೆಯಲ್ಲಿ ಮಕ್ಕಳದ್ದೋ ನಿಮ್ಮದೋ ರೋಡ್ ಬೈಕ್ ಇದ್ದರೆ ಅದನ್ನೂ ತನ್ನಿ. ವ್ರೆಂಚ್ ನನ್ನ ಹತ್ತಿರ ಇದೆ. ಹೊಸ ಪಟ್ಟಿ ಮಾತ್ರ ನಿಮ್ಮ ಖರ್ಚು.